ತಡವಾಗಿ ಬರುವ ನಗು

ಚಹದಂಗಡಿಯ ಜೋಕಿಗೆ ಬೆಟಗೇರಿಯ ನೇಕಾರ ನೀಲಕಂಠಪ್ಪನಿಗೆ ನಗು ಬರುವುದು ಚಹ ಆರಿದ ಮೇಲೆಯೇ. ಸ್ಕಿಜೋಫ್ರೇನಿಯಾಕ್ಕೆ ನುಂಗುವ ಗುಳಿಗೆ ಅವನನ್ನು ತುಸು ನಿಧಾನ ಮಾಡಿದೆ. ನಗು ಮಾತ್ರ ಸಂತೆಯ ದಿನದ ಲಕ್ಷ್ಮೇಶ್ವರ ಬಸ್ಸಿನಂತೆ ತಡವಾದರೂ ತುಂಬಿಕೊಂಡೇ ಬರುತ್ತದೆ. "ತಡೀಲೇ, ನೀಲಕಂಠಪ್ಪನ ನಗು ಇನ್ನಾ ಬಂದಿಲ್ಲ" ಎಂದು ಗೆಳೆಯರು ಮುಂದಿನ ಜೋಕನ್ನು ಬಾಯಲ್ಲೇ ಹಿಡಿದು ಕೂರುತ್ತಾರೆ. ಅದು ಬಂದಾಗ ತಾವೂ ಮತ್ತೊಮ್ಮೆ ನಗುತ್ತಾರೆ. ಬಾಯಿ ಒಣಗುತ್ತದೆ, ಮಗ್ಗದ ಮುಂದೆ ತೂಕಡಿಕೆ ಬರುತ್ತದೆ ಎಂದು ನೀಲಕಂಠಪ್ಪ ಗುಳಿಗೆಯನ್ನು ದಿನವೂ ಬಯ್ಯುತ್ತಾನೆ, ಬಯ್ಯುತ್ತಲೇ ನುಂಗುತ್ತಾನೆ. "ಆರಾಮ ಅದೀರೇನ್ರಿ?" ಎಂದು ಡಾಕ್ಟರು ಕೇಳಿದರೆ ಉತ್ತರವೂ ತಡವೇ: "ಮೊದಲ ಯಾರ ನಕ್ಕರೂ ನನ್ನ ನೋಡೇ ನಗಾಕತ್ತಾರ ಅಂತ ಬಾಗಲಾ ಹಾಕ್ಕೊಂಡು ಕುಂಡ್ರತಿದ್ನಿರಿ. ಈಗ ನಾ ನಗೂತನಕ ಅವರು ಕಾಯ್ತಾರ್ರಿ."