ಸಿ ಡ್ರೈವ್‌ಗೆ ಜಾಗ ಮಾಡಿಕೊಟ್ಟ ದಿನ

ಪ್ರಾಂಶುಪಾಲರು ನನ್ನನ್ನು ಕರೆಸಿ ಕುರ್ಚಿ ತೋರಿಸಿದರು. ಅವರು ಅತಿಥಿ ಉಪನ್ಯಾಸಕರಿಗೆ ಕುರ್ಚಿ ತೋರಿಸುವವರಲ್ಲ. ಹಾಗಾಗಿ ಕೂರುವ ಮೊದಲೇ ವಿಷಯ ಗೊತ್ತಾಯಿತು.

"ಕಂಪ್ಯೂಟರ್ ವಿಭಾಗಕ್ಕ ಕಾಯಂ ಮೇಡಂ ಒಬ್ರು ಬರ್ತಾರ್ರಿ. ನಿಮ್ಮ ಕ್ಲಾಸೆಲ್ಲ ಅವರಿಗೆ ಹೋಗ್ತಾವು. ನನ್ನ ಕೈಯಾಗ ಏನೂ ಇಲ್ಲ."

"ಆತ್ರಿ ಸರ್," ಎಂದೆ.

ಹಗರಿಬೊಮ್ಮನಹಳ್ಳಿ ಕಡೆಯ ಆ ಕಾಲೇಜಿಗೆ ಕೂಡ್ಲಿಗಿಯಿಂದ ಹನ್ನೊಂದು ವರ್ಷ ಬಸ್ಸಿನಲ್ಲಿ ಓಡಾಡಿದ್ದೆ. ಇನ್ನೇನಾದರೂ ಹೇಳುತ್ತೇನೆಂದು ಅವರು ಕಾದರು. ಕೊನೆಗೆ ಅವರೇ, "ಹೋಗೂದ್ರೊಳಗ ಲ್ಯಾಬಿನ ಮೇನ್ ಸಿಸ್ಟಮ್ ಒಂದು ಸರಿ ಮಾಡಿಕೊಡ್ರಿ" ಎಂದರು.

ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎರಡು ಭಾಗವಾಗಿತ್ತು. ಸಿ ಡ್ರೈವ್‌ನಲ್ಲಿ ವಿಂಡೋಸ್, ಡಿ ಡ್ರೈವ್‌ನಲ್ಲಿ ಕಾಲೇಜಿನ ಅಷ್ಟೂ ಕಡತಗಳು: ಆಂತರಿಕ ಅಂಕಗಳು, ವಿದ್ಯಾರ್ಥಿಗಳ ಪ್ರಾಜೆಕ್ಟುಗಳು, ಶಿಬಿರದ ಫೋಟೊಗಳು. ಸಿ ತುಂಬಿ ಕೆಂಪು ತೋರಿಸುತ್ತಿತ್ತು. ಹೊಸ ಪಠ್ಯಕ್ಕೆ ಬೇಕಾದ ಸಾಫ್ಟ್‌ವೇರ್ ಹಾಕಲು ಅದರಲ್ಲಿ ಜಾಗವಿರಲಿಲ್ಲ. ಡಿ ಅರ್ಧಕ್ಕರ್ಧ ಖಾಲಿ ಇತ್ತು. ಡಿಯಿಂದ ಸ್ವಲ್ಪ ತೆಗೆದು ಸಿಗೆ ಸೇರಿಸಬೇಕು, ಒಳಗಿರುವುದು ಒಂದೂ ಹೋಗಬಾರದು. ಕೆಲಸ ಇಷ್ಟೇ.

ಅದನ್ನು ಮಾಡಲು ಕುಳಿತ ದಿನ ಬೆಳಿಗ್ಗೆಯೇ ಹೊಸ ಮೇಡಂ ಬಂದರು. ಚಪ್ಪಲಿಯನ್ನು ಲ್ಯಾಬಿನ ಹೊರಗೆ ಬಿಟ್ಟು ಒಳಗೆ ಬಂದರು. ವಿದ್ಯಾರ್ಥಿಗಳು ಹಾಗೆ ಬಿಡಬೇಕೆಂದು ನಿಯಮ ಮಾಡಿದ್ದವನು ನಾನು. ಮೇಡಂಗಳು ಬಿಡುವುದಿಲ್ಲ. ನಾನು ತಲೆಯೆತ್ತಿ ನೋಡಿದೆ.

"ಸರ್, ನನ್ನ ಗುರುತು ಸಿಗಲಿಲ್ಲೇನ್ರಿ? ನಿಮ್ಮ ಮೊದಲನೇ ಬ್ಯಾಚು. ಹರಪನಹಳ್ಳಿಯಿಂದ ಬರ್ತಿದ್ದೆ."

ಗುರುತು ಸಿಕ್ಕಿತು. ಮೂರನೇ ಬೆಂಚಿನ, ಎರಡು ಬಸ್ಸು ಬದಲಿಸಿ ತಡವಾಗಿ ಬರುತ್ತಿದ್ದ ಹುಡುಗಿ. ಆಕೆ ಪಾಸಾಗಿ ಈ ಕಾಯಂ ಕೆಲಸ ಪಡೆದ ನೇಮಕಾತಿ ಪರೀಕ್ಷೆಯನ್ನು ನಾನೂ ಎರಡು ಸಲ ಬರೆದಿದ್ದೆ.

"ಬರ್ರಿ ಮೇಡಂ, ಕುಂದ್ರ್ರಿ."

"ನನಗ ಮೇಡಂ ಅನಬ್ಯಾಡ್ರಿ ಸರ್," ಎಂದು ಆಕೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಆಕೆ ನನ್ನ ಕುರ್ಚಿಯಲ್ಲಿ ಕೂರಲೆಂದು ನಾನು ಎದ್ದೆ. ಕೂರಲಿಲ್ಲ.

ಮೊದಲು ಡಿಸ್ಕಿನಲ್ಲಿ ದೋಷವಿದೆಯೇ ಎಂದು ಪರೀಕ್ಷಿಸಿದೆ. ಡಿಯಲ್ಲಿದ್ದುದನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆ. ಅಲ್ಲಿಂದ ಹತ್ತಾರು ಕಡತಗಳನ್ನು ತೆರೆದು ನೋಡಿದೆ. ಆಕೆ ನಗುತ್ತಿದ್ದಳು.

"ಈ ಸಲ ತೆಗೆದು ನೋಡ್ತೀರಲ್ರಿ ಸರ್."

ಆಕೆ ಯಾವುದನ್ನು ಹೇಳುತ್ತಿದ್ದಾಳೆಂದು ತಿಳಿಯಿತು. ನಾನು ಸೇರಿದ ವರ್ಷ ಇದೇ ಕೆಲಸಕ್ಕೆ ಕೈ ಹಾಕಿ ಡಿಯನ್ನು ಪೂರ್ತಿ ಅಳಿಸಿದ್ದೆ, ಪೆನ್‌ಡ್ರೈವ್‌ನಲ್ಲಿ ನಕಲಿದೆ ಎಂಬ ಧೈರ್ಯದಿಂದ. ಅದರಲ್ಲಿದ್ದವು ಕಡತಗಳಲ್ಲ, ಅವಿರುವ ಜಾಗ ತೋರಿಸುವ ಬರೀ ಶಾರ್ಟ್‌ಕಟ್‌ಗಳು. ಒತ್ತಿದರೆ ಕಡತ ಸಿಗಲಿಲ್ಲ ಎಂದು ತೋರಿಸುತ್ತಿದ್ದವು. ಆಕೆಯ ಬ್ಯಾಚಿನ ಅಷ್ಟೂ ಪ್ರಾಜೆಕ್ಟುಗಳು ಹೋಗಿದ್ದವು.

"ನಾನು ಎಂಟು ದಿನ ಸೈಬರ್ ಸೆಂಟರಿನಾಗ ಕುಂತು ಮತ್ತೆ ಟೈಪ್ ಮಾಡಿದ್ನಿ. ನಿಮ್ಮನ್ನ ಬೈಕೋಂತ."

"ಬೈಬೇಕಾದ್ದ."

"ಆದ್ರ ನೀವು ಕ್ಲಾಸಿಗೆ ಬಂದು 'ತಪ್ಪು ನಂದು' ಅಂದ್ರಿ. ಅಷ್ಟೂ ಮಂದಿ ಮುಂದ. ಅಲ್ಲೀ ಮಟ ನಮಗ ಯಾವ ಮೇಷ್ಟ್ರೂ ಹಂಗ ಅಂದಿದ್ದಿಲ್ಲ. ನಾನೂ ಮೇಷ್ಟ್ರಾಗಬೇಕಂತ ಅವತ್ತ ಅನಿಸಿದ್ದು."

ಆ ಮಾತು ನನಗೆ ನೆನಪೇ ಇರಲಿಲ್ಲ. ನಾಚಿಕೆ ಮಾತ್ರ ನೆನಪಿತ್ತು. ಬೇರೆ ದಿನವಾಗಿದ್ದರೆ ಕಣ್ಣು ತುಂಬುತ್ತಿತ್ತೇನೋ. ಅವತ್ತು ಆಕೆಯ ಬಾಯಿ ಆಡುವುದನ್ನು ನೋಡುತ್ತಾ, "ಹೌದಾ?" ಎಂದೆ. ಅಷ್ಟೇ ಬಂತು.

ಪೆನ್‌ಡ್ರೈವ್‌ನಿಂದ ಡಿಸ್ಕಿನ ಭಾಗಗಳನ್ನು ಹಿಗ್ಗಿಸಿ ಕುಗ್ಗಿಸುವ ಸಾಫ್ಟ್‌ವೇರ್ ಶುರು ಮಾಡಿದೆ. ಡಿಯನ್ನು ಸುಮ್ಮನೆ ಕುಗ್ಗಿಸಿದರೆ ಖಾಲಿ ಜಾಗ ಅದರ ಬಾಲದ ಕಡೆ ಉಳಿಯುತ್ತದೆ, ಸಿಗೆ ಎಟುಕುವುದಿಲ್ಲ. ಡಿಯ ಸಾಮಾನನ್ನೆಲ್ಲ ಬಲಕ್ಕೆ ಸರಿಸಿ, ಎಡಗಡೆ ಜಾಗ ಬಿಡಿಸಬೇಕು. ಹೀಗೆ ಸರಿಸಲು ತಾಸುಗಟ್ಟಲೆ ಹಿಡಿಯುತ್ತದೆ. ನಡುವೆ ಯಂತ್ರ ಆರಿದರೆ ಡಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದಾಗುತ್ತದೆ; ಹೊರಗೆ ನಕಲಿದ್ದರೂ ಎಲ್ಲವನ್ನೂ ಮೊದಲಿಂದ ಮಾಡಬೇಕು.

ಇಬ್ಬರೂ ಪರದೆಯ ಮೇಲೆ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಬೆಳೆಯುವುದನ್ನು ನೋಡುತ್ತಾ ಕುಳಿತೆವು. ಆಕೆ ತಂದಿದ್ದ ಬುತ್ತಿಯಲ್ಲಿ ಅರ್ಧ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ತಿಂದೆ. ಪಟ್ಟಿ ಮುಕ್ಕಾಲು ದಾಟಿದಾಗ ಕರೆಂಟ್ ಹೋಯಿತು.

ಯುಪಿಎಸ್ ಚೀರತೊಡಗಿತು. ಅದರ ಬ್ಯಾಟರಿ ಹಳೆಯದು, ಇಡೀ ಲ್ಯಾಬಿನ ಭಾರ ಹೊತ್ತರೆ ಐದು ನಿಮಿಷವೂ ಬಾಳುತ್ತಿರಲಿಲ್ಲ. ಆಕೆ ಎದ್ದು ಬೆಂಚಿನಿಂದ ಬೆಂಚಿಗೆ ಓಡಿ ಉಳಿದ ಕಂಪ್ಯೂಟರುಗಳನ್ನು ಆರಿಸತೊಡಗಿದಳು. "ಸರ್, ಆ ಸಾಲು ನೀವು ನೋಡ್ರಿ! ಸರ್!" ಎಂದು ಕೂಗಿದಳು. ನಾನು ಕುಳಿತೇ ಇದ್ದೆ. ಹೆದರಿಕೆ ಆಗಬೇಕಿತ್ತು. ಹೋದರೆ ಹೋಗಲಿ ಎಂಬ ಸಿಟ್ಟಾದರೂ ಬರಬೇಕಿತ್ತು. ಎರಡೂ ಇರಲಿಲ್ಲ. ಕೊನೆಗೆ ಆ ಸಾಲನ್ನೂ ಆಕೆಯೇ ಆರಿಸಿದಳು.

ಭಾರ ಇಳಿದ ಮೇಲೆ ಯುಪಿಎಸ್ ತಡೆದುಕೊಂಡಿತು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಆಕೆ ಬೆವರು ಒರೆಸಿಕೊಂಡು ನನ್ನ ಮುಖ ನೋಡಿದಳು.

"ಸರ್, ಆರಾಮದೀರಿಲ್ರಿ?"

"ಅದೀನಿ."

ನಾಲ್ಕರ ಹೊತ್ತಿಗೆ ಪಟ್ಟಿ ತುಂಬಿತು. ಬಿಡುಗಡೆಯಾದ ಜಾಗವನ್ನು ಸಿಗೆ ಸೇರಿಸಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ವಿಂಡೋಸ್ ಬಂತು. ಸಿ ಕೆಂಪಿನಿಂದ ನೀಲಿಗೆ ತಿರುಗಿತ್ತು. ಆಕೆ ಡಿಯನ್ನು ತೆರೆದು ವರ್ಷ ವರ್ಷದ ಕಡತಗಳನ್ನು ನೋಡುತ್ತಾ ಹೋದಳು. ಎಲ್ಲವೂ ಇದ್ದವು. ಪ್ರಾಂಶುಪಾಲರು ಬಾಗಿಲಲ್ಲಿ ನಿಂತು, "ಭೇಷ್ ಆತ್ರಿ" ಎಂದು ಹೋದರು.

"ನಿಮ್ಮ ನೋಟ್ಸ್ ಫೋಲ್ಡರ್ ಐತ್ರಿ ಸರ್. ಕಾಪಿ ಮಾಡಿ ಕೊಡ್ಲ್ಯಾ?"

"ಇರಲಿ. ಕ್ಲಾಸಿಗೆ ಬರ್ತಾವು, ಇಟ್ಕೊಳಮ್ಮ."

ಪಾಸ್‌ವರ್ಡ್‌ಗಳ ಪುಸ್ತಕವನ್ನೂ ಲ್ಯಾಬಿನ ಕೀಲಿಯನ್ನೂ ಆಕೆಯ ಕೈಗೆ ಕೊಟ್ಟೆ. ಗೇಟಿನವರೆಗೂ ಬಂದಳು. ಅಷ್ಟರಲ್ಲಿ ಬಸ್ಸು ಬಂತು.

ನನ್ನ ಹೆಂಡತಿ ಕಾನಹೊಸಹಳ್ಳಿ ಕಡೆ ನರ್ಸ್. ನಾನು ಮನೆ ಸೇರಿದಾಗ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು.

"ಏನಂದ್ರು?"

"ಕೆಲಸ ಆತು. ಡಾಟಾ ಏನೂ ಹೋಗಲಿಲ್ಲ."

"ನಾನು ಡಾಟಾ ಕೇಳಲಿಲ್ಲ," ಎಂದಳು. ನನ್ನ ಎದುರು ಬಂದು ಕುಳಿತಳು. "ಒಂದೀಟು ಅಳ್ರಿ, ಇಲ್ಲಾ ಬೈರಿ ಯಾರನ್ನರ. ಹಿಂಗ ಕುಂದ್ರಬ್ಯಾಡ್ರಿ."

ಯಾರನ್ನು ಬೈಯಬೇಕೆಂದು ಯೋಚಿಸಿದೆ. ಪ್ರಾಂಶುಪಾಲರದು ತಪ್ಪಿರಲಿಲ್ಲ. ಆ ಹುಡುಗಿಯದಂತೂ ಇರಲೇ ಇಲ್ಲ. ಕೈಕಾಲು ತೊಳೆದುಕೊಂಡು ಊಟಕ್ಕೆ ಕುಳಿತೆ.

ಸುಮಾರು ಎರಡು ತಿಂಗಳು ಹಾಗೇ ಕಳೆಯಿತು. ತುಂಬಾ ನಿದ್ದೆ ಮಾಡುತ್ತಿದ್ದೆ. ಆಮೇಲೆ ಕೊಟ್ಟೂರಿನ ಒಂದು ಖಾಸಗಿ ಕಾಲೇಜಿನಲ್ಲಿ ವಾರಕ್ಕೆ ಮೂರು ದಿನ ಪಾಠ ಸಿಕ್ಕಿತು. ಹೋಗುತ್ತಿದ್ದೇನೆ. ಆ ಹುಡುಗಿ ಈಗಲೂ ಒಮ್ಮೊಮ್ಮೆ ಫೋನ್ ಮಾಡಿ ಪ್ರಿಂಟರಿನದೋ ನೆಟ್‌ವರ್ಕಿನದೋ ಏನಾದರೂ ಕೇಳುತ್ತಾಳೆ. ಅವು ಆಕೆಗೆ ಗೊತ್ತಿರುವ ವಿಷಯಗಳೇ ಎಂದು ನನಗೆ ಗೊತ್ತು. ಆದರೂ ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತೇನೆ, ಆಕೆ ಹೂಂ ಅನ್ನುತ್ತಾ ಕೇಳುತ್ತಾಳೆ.