ನಕ್ಷತ್ರದೊಳಗಿನ ಕಂದೀಲು

ಡಿಸೆಂಬರ್ 26, 1986, ಶುಕ್ರವಾರ. ಬೆಳಿಗ್ಗೆ 9 ಗಂಟೆ 12 ನಿಮಿಷಕ್ಕೆ ಅಪ್ಪ ಹಗೇವಿಗೆ ಇಳಿದರು.

ನನ್ನ ನೋಟುಬುಕ್ಕಿನ ಆ ಪುಟದಲ್ಲಿ ಇದಕ್ಕಿಂತ ಮೊದಲು ತಾಟುಗಳ ಲೆಕ್ಕವಿದೆ. ಕ್ರಿಸ್‌ಮಸ್‌ಗೆ ನಾವು ಓಣಿಯ ಇಪ್ಪತ್ಮೂರು ಮನೆಗಳಿಗೆ ಕರ್ಚಿಕಾಯಿ, ಚಕ್ಕುಲಿ ಕಳಿಸಿದ್ದೆವು. ಮರುದಿನ ತಾಟುಗಳು ಮರಳಿ ಬರುತ್ತಿದ್ದವು, ಯಾವುದೂ ಬರಿದಾಗಿ ಬರುತ್ತಿರಲಿಲ್ಲ. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಹಸಿಕಡಲೆ. ಹನ್ನೊಂದು ಬಂದಿದ್ದವು. ವರ್ಷದಲ್ಲಿ ನನಗೆ ಹಬ್ಬಕ್ಕಿಂತ ಈ ದಿನವೇ ಇಷ್ಟ. ನೆಂಟರು ಹೋಗಿರುತ್ತಾರೆ, ಅಪ್ಪನ ಶಾಲೆಗೆ ರಜೆ, ಯಾರಿಗೂ ಅವಸರವಿಲ್ಲ.

ನಮ್ಮೂರು ಗುಡಗೇರಿ ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರ. ಮನೆಯ ಅಂಗಳದಲ್ಲಿ ಅಜ್ಜನ ಕಾಲದ ಹಗೇವು ಇದೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ, ಒಳಗೆ ಸುತ್ತಲೂ ಹುಲ್ಲು, ಮೇಲೆ ಹಾಸುಗಲ್ಲು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಅದಕ್ಕೆ ಅಜ್ಜ ಹಾಕಿಕೊಟ್ಟ ಕ್ರಮವಿತ್ತು. ಬಾಯಿ ತೆರೆದು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಆಮೇಲೆ ಹೊತ್ತಿಸಿದ ಕಂದೀಲನ್ನು ಹಗ್ಗದಲ್ಲಿ ಇಳಿಸಬೇಕು. ಅದು ಆರದಿದ್ದರೆ ಮಾತ್ರ ಇಳಿಯಬೇಕು.

ಮನೆಯಲ್ಲಿದ್ದ ಒಂದೇ ಕಂದೀಲು ಕ್ರಿಸ್‌ಮಸ್ ನಕ್ಷತ್ರದೊಳಗಿತ್ತು. ಕರೆಂಟಿನ ಭರವಸೆಯಿಲ್ಲವೆಂದು ಅಪ್ಪನೇ ಬಿದಿರು ಕಟ್ಟಿ, ಬಣ್ಣದ ಕಾಗದ ಹಚ್ಚಿ, ಒಳಗೆ ಅದನ್ನು ತೂಗುಬಿಟ್ಟಿದ್ದರು. ಹೊಸ ವರ್ಷದವರೆಗೆ ನಕ್ಷತ್ರ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ಗಾಜಿಲ್ಲದ ಚಿಮಣಿ ದೀಪ ಇಳಿಸುವಂತಿರಲಿಲ್ಲ, ಒಳಗೆಲ್ಲ ಹುಲ್ಲು.

"ತಂಗಿ, ನಿನ್ನ ಬುಕ್ಕ ನೋಡು. ನಿನ್ನೆ ಎಷ್ಟಕ್ಕ ತಗದೀವಿ?" ಅಪ್ಪ ನನ್ನನ್ನು ತಂಗಿ ಎಂದೇ ಕರೆಯುತ್ತಾರೆ.

"ಏಳೂ ಹತ್ತಕ್ಕ, ಅಪ್ಪಾ."

"ಇಪ್ಪತ್ತಾರು ತಾಸಾತು. ಕಂದೀಲ ಯಾಕ ಬೇಕು? ನಕ್ಷತ್ರ ಹರೀದು ಬ್ಯಾಡ."

ಅವ್ವ ಮಾತ್ರ ಹಗ್ಗ ತಂದಳು. "ಕಂಕುಳಾಗ ಕಟಗೊಂಡ ಇಳೀರಿ."

"ನಾ ಏನು ಬಾವಿಗೆ ಬಿಡೋ ಕೊಡಾ ಏನ?"

"ಕೊಡಾ ಆದ್ರ ಮ್ಯಾಲ ಬರೂದು ಗ್ಯಾರಂಟಿ. ಸುಮ್ನ ಕಟಗೋರಿ."

ಅಪ್ಪನ ತಮ್ಮ, ನಮ್ಮ ಕಾಕಾ, ನಕ್ಕರು. ಅಪ್ಪ ಕಟ್ಟಿಕೊಂಡರು. ಅವರು ಒಳಗಿನಿಂದ ಬುಟ್ಟಿ ತುಂಬುವುದು, ಕಾಕಾ ಇನ್ನೊಂದು ಹಗ್ಗದಿಂದ ಎಳೆಯುವುದು, ನಾನು ಎಣಿಸುವುದು. ಮೊದಲ ಬುಟ್ಟಿ 9:16. ಎರಡನೆಯದು 9:19. ಮೂರನೆಯದು 9:23. ನಾಲ್ಕನೆಯದು 9:29.

ನಡುವಿನ ಅಂತರ ಬೆಳೆಯುತ್ತಿತ್ತು. ನಾನು ಹೆದರಬೇಕಿತ್ತು. ಬರೆದುಕೊಂಡೆ.

"ಮಾಸ್ತರು ಒಳಗ ನಿದ್ದಿ ಹೊಡ್ಯಾಕತ್ತಾರ," ಎಂದು ಕಾಕಾ ಬಗ್ಗಿ ಕೂಗಿದರು, "ಅಣ್ಣಾ, ಚಾ ಕಳಸ್ಲೇನು?"

ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ಆಗಲೂ ಇಲ್ಲ. ಕಾಕಾ ಅಂಗಿ ಬಿಚ್ಚಿ ಬಾಯಿಯೊಳಗೆ ಕಾಲು ಇಟ್ಟರು. ಗದ್ದಲ ಕೇಳಿ, ನಾವು ಆಯಿ ಎನ್ನುವ ಅಜ್ಜಿ, ರೊಟ್ಟಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು.

"ಇಳೀಬ್ಯಾಡೋ! ನಿನ್ನೆ ನಾ ಅದನ್ನ ಮುಚ್ಚಿದ್ನೋ!"

ಹಿಂದಿನ ದಿನ ನಾವೆಲ್ಲ ರೈಲು ಹಿಡಿದು ಹುಬ್ಬಳ್ಳಿಗೆ ಪ್ರಾರ್ಥನೆಗೆ ಹೋಗಿದ್ದೆವು. ಮೊಣಕಾಲು ನೋವೆಂದು ಆಯಿ ಮನೆಯಲ್ಲೇ ಉಳಿದಿದ್ದಳು. ಹಬ್ಬದ ತಿಂಡಿಗೆ ಬಂದ ಓಣಿಯ ಮಕ್ಕಳು ಬಿದ್ದಾರೆಂದು ಹೆದರಿ, ಎದುರುಮನೆಯ ಗೌಡರ ಆಳನ್ನು ಕರೆದು ಕಲ್ಲು ಮುಚ್ಚಿಸಿದ್ದಳು. ನಾವು ಮರಳಿದಾಗ ಕತ್ತಲಾಗಿತ್ತು, ಆ ಮೂಲೆಯನ್ನು ಯಾರೂ ನೋಡಲಿಲ್ಲ. ಮರುದಿನ ಬೆಳಗಿನ ಜಾವ, ನಾವು ಏಳುವ ಮೊದಲೇ, ಅವನಿಂದಲೇ ತೆಗೆಸಿದ್ದಳು. ಹೇಗೂ ಕಂದೀಲು ಇಳಿಸಿ ನೋಡುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತಾರು ತಾಸು ನನ್ನ ಪುಸ್ತಕದಲ್ಲಿ ಮಾತ್ರ ಇದ್ದವು.

ಕಾಕಾ, ಅವ್ವ, ನಾನು ಅಪ್ಪನ ಹಗ್ಗ ಹಿಡಿದೆವು. ಅಪ್ಪ ಇಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ. ತಲೆ ಕಂಡಿತು, ಆದರೆ ಭುಜ ಬಾಯಿಯ ಕಲ್ಲಿಗೆ ಸಿಕ್ಕಿತು. "ಎದಿ ಹೊಳ್ಳಸ್ರಿ, ಒಂದ ಕೈ ಮದ್ಲ ಮ್ಯಾಲ ತಗೀರಿ!" ಎನ್ನುತ್ತ ಗೌಡರ ಅಜ್ಜ ಓಡಿ ಬಂದು ನೆಲಕ್ಕೆ ಮಲಗಿ ಕೈ ಹಾಕಿದರು. ಹೊರಗೆ ಎಳೆದು ಮಲಗಿಸಿದಾಗ ಅಪ್ಪನ ತುಟಿ ನೀಲಿಯಾಗಿತ್ತು. ಅವ್ವ ಎದೆ ತಿಕ್ಕುತ್ತಿದ್ದಳು, ಕಾಕಾ ಮೊರದಿಂದ ಗಾಳಿ ಬೀಸುತ್ತಿದ್ದರು. ನಾನು ಗಡಿಯಾರ ನೋಡಲಿಲ್ಲ. ಅಪ್ಪ ಕೆಮ್ಮಿದ ಸಮಯದ ಜಾಗ ಪುಟದಲ್ಲಿ ಇಂದಿಗೂ ಖಾಲಿ ಇದೆ.

ಕಣ್ಣು ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದ್ದು, "ಎಷ್ಟ ಬುಟ್ಟಿ ಆತು?"

ನಾನು ನಾಲ್ಕು ಬೆರಳು ತೋರಿಸಿದೆ.

ಕುಂದಗೋಳದಿಂದ ಡಾಕ್ಟರನ್ನು ಕರೆತಂದರು. ಮಲಗಿಸಿರಿ, ಒಬ್ಬರನ್ನೇ ಬಿಡಬೇಡಿರಿ ಎಂದು ಹೇಳಿ ಹೋದರು. ನಾನು ಕಾಯುತ್ತಿದ್ದ ಆ ಶಾಂತ ದಿನ ಹೀಗೆ ಸಿಕ್ಕಿತು. ಐದೂ ಜನ ಪಡಸಾಲೆಯಲ್ಲೇ ಇದ್ದೆವು. ಯಾರೂ ಎದ್ದು ಹೋಗಲಿಲ್ಲ. ತಾಟು ತಂದವರು ಹೊಸ್ತಿಲಲ್ಲಿ ಇಟ್ಟು ಹೋದರು. ಮಧ್ಯಾಹ್ನವೆಲ್ಲ ನಾನು ಅಪ್ಪನ ಉಸಿರು ಎಣಿಸಿದೆ. ನಿಮಿಷಕ್ಕೆ ಹದಿನೆಂಟು, ಹದಿನೇಳು, ಮತ್ತೆ ಹದಿನೆಂಟು. ನಿದ್ದೆಯಲ್ಲಿ ಒಂದು ಉಸಿರು ತಡವಾದರೂ ಅವರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ.

ನಾಲ್ಕರ ಸುಮಾರಿಗೆ ಆಯಿ ನನ್ನ ಪಕ್ಕಕ್ಕೆ ಸರಿದು ಕುಳಿತಳು. ಅವಳಿಗೆ ಓದು ಬರದು.

"ನಾ ಮುಚ್ಚಿದ್ದು ಬರಕೊಂಡಿ ಏನ?"

"ಇಲ್ಲ, ಆಯಿ."

"ಬರಕೋ ಬೇ. ನನ್ನ ಮುಂದನ ಬರಿ."

ಇಪ್ಪತ್ತೈದನೇ ತಾರೀಖಿನ ಕೆಳಗೆ ಬರೆದೆ: ಒಂಬತ್ತಕ್ಕೆ ಆಯಿ ಮುಚ್ಚಿಸಿದಳು, ಆ ದಿನ ತೆರೆದಿದ್ದು ಎರಡು ತಾಸಿಗೂ ಕಡಿಮೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು. ಬೆಳಿಗ್ಗೆಯಿಂದ ತೊಳೆಯದ ಕೈಯ ಹಿಟ್ಟಿನ ಗುರುತು ಉಳಿಯಿತು.

ಮೂವತ್ತೊಂದರಂದು ಅಪ್ಪನೇ ನಕ್ಷತ್ರ ಹರಿದು ಕಂದೀಲು ತೆಗೆದರು. ಐದು ದಿನ ತೆರೆದೇ ಇದ್ದ ಹಗೇವಿನಲ್ಲೂ, ಜೋಳದ ಮಟ್ಟ ಮುಟ್ಟಿದ ಕೂಡಲೇ ಅದು ಆರಿತು. ಹಗ್ಗಕ್ಕೆ ಬೇವಿನ ಟೊಂಗೆ ಕಟ್ಟಿ, ಗಾಳಿಯಾಡಲೆಂದು ಅರ್ಧ ತಾಸು ಮೇಲೆ ಕೆಳಗೆ ಆಡಿಸಿದ ಮೇಲೆಯೇ ಉರಿದು ನಿಂತಿತು.

ಅಂದರೆ ಇಪ್ಪತ್ತಾರು ತಾಸು ನಿಜವಾಗಿದ್ದರೂ ಸಾಲುತ್ತಿರಲಿಲ್ಲವೇನೋ. ಗೌಡರ ಅಜ್ಜ ಎರಡು ದಿನ ಸಾಕೆನ್ನುತ್ತಾರೆ, ಕಾಕಾನ ಮಾವ ಯರಗುಪ್ಪಿಯಲ್ಲಿ ಒಂದು ವಾರ ಬಿಡುತ್ತಾರಂತೆ. ಅಪ್ಪ ಈ ವರ್ಷವೂ ಇಳಿಯುತ್ತೇನೆ ಎನ್ನುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಹಗೇವು ಇದ್ದರೆ, ತೆರೆದ ಎಷ್ಟು ಹೊತ್ತಿಗೆ ದೀಪ ಉರಿದು ನಿಂತಿತು, ಒಳಗೆ ಎಷ್ಟು ಜೋಳವಿತ್ತು, ಟೊಂಗೆ ಆಡಿಸಿದ್ದಿರೋ ಇಲ್ಲವೋ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿರಿ. ಡಿಸೆಂಬರ್ ಬರುವುದರೊಳಗೆ ಸಿಕ್ಕರೆ ಉಪಕಾರ.