ಹೇಗೂ ಬಿಚ್ಚಿದ್ದೀನಲ್ಲ

ಬೇ ಸಿಟಿಯ ದಕ್ಷಿಣದ ಪೋಲಿಷ್ ಬೀದಿಗಳಲ್ಲಿ ಕ್ಯಾಸಿಮಿರ್ ಪ್ರುಸಾಕನಿಗೆ ಕಿವಿ ಕೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ತಗಡನ್ನು ಒತ್ತಿ ಕಾರಿನ ಬಾಗಿಲು ಮಾಡುವ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ದುಡಿದವನು. ಅಲ್ಲಿಯ ಪ್ರೆಸ್ಸು ಒಮ್ಮೆ ಬಡಿದರೆ ಎದೆಗೂಡು ಅದುರುತ್ತಿತ್ತು. ಕಿವಿಗೆ ಹತ್ತಿಯಾದರೂ ಇಟ್ಟುಕೊಳ್ಳಯ್ಯ ಎಂದರೆ, "ಹತ್ತಿ ಇಟ್ಕೊಳ್ಳೋಕೆ ನಾನೇನು ಬಾಣಂತೀನಾ?" ಎಂದು ನಗುತ್ತಿದ್ದ. ನಕ್ಕ, ಅನುಭವಿಸಿದ. ಕೆಲಸದಿಂದ ಬಿಡುಗಡೆಯಾದ ಮೇಲೆ ಕಿವಿಗೆ ಯಂತ್ರ ಹಾಕಿಸಿಕೊಂಡ. ಅದೋ, ಗದ್ದಲವನ್ನು ದೊಡ್ಡದು ಮಾಡಿ ಮಾತನ್ನು ಇದ್ದಲ್ಲೇ ಬಿಡುತ್ತಿತ್ತು. ಮನೆಯಲ್ಲಿ ಹೆಂಡತಿ ವಾಂಡಾಳ ತುಟಿ ನೋಡಿಕೊಂಡೇ ಸಂಸಾರ ಸಾಗಿಸುತ್ತಿದ್ದ.

ಆದರೆ ಈ ಗಂಡಹೆಂಡಿರ ನಿಜವಾದ ಮಾತುಗಳು ನಡೆಯುತ್ತಿದ್ದದ್ದು ಮನೆಯಲ್ಲಲ್ಲ, ಕಾರಿನಲ್ಲಿ. ನಮ್ಮ ಜನವೇ ಹಾಗೆ ಬಿಡಿ. ಎದುರಾಬದುರು ಕೂತು ಮನಸ್ಸು ಬಿಚ್ಚಿ ಎಂದರೆ ನಾಲಿಗೆ ಒಣಗುತ್ತದೆ. ಇಬ್ಬರೂ ರಸ್ತೆ ನೋಡುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ. ಭಾನುವಾರ ಚರ್ಚು ಮುಗಿಸಿ, ಸರೋವರದ ದಂಡೆ ಹಿಡಿದು ಟಾವಾಸ್ ಎಂಬ ಊರಿನ ತನಕ ಹೋಗಿ ಬರುವುದು ಇವರ ಪದ್ಧತಿ. ಅರವತ್ತೈದನೇ ಇಸವಿಯ ನೀಲಿ ಪಾಂಟಿಯಾಕ್ ಕಾರು ಅವರದು. ಅದರಲ್ಲಿ ಕೂತೇ ವಾಂಡಾ ಮದುವೆಗೆ ಒಪ್ಪಿದ್ದು. ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ ಎಂದು ಹೇಳಿದ್ದೂ ಅಲ್ಲೇ, ಮುಖ ತಿರುಗಿಸದೆ.

ಅಂಥವಳಿಗೆ ಗಂಟಲಿನ ಕ್ಯಾನ್ಸರ್ ಬಂತು. ಕರೆಂಟು ಕೊಟ್ಟು ಕೊಟ್ಟು ಗಡ್ಡೆಯೇನೋ ಕರಗಿತು, ದನಿಯೂ ಕರಗಿತು. ಉಳಿದದ್ದು ಬರೀ ಪಿಸುಮಾತು. ಒಂದು ಬೆಳಿಗ್ಗೆ ಅವಳು ಗಂಡನ ಮುಂದೆ ನಿಂತು ನಿಧಾನವಾಗಿ ತುಟಿ ಆಡಿಸಿದಳು.

"ನಿಂಗೊಂದು ವಿಷ್ಯ ಹೇಳ್ಬೇಕು, ಕ್ಯಾಸ್. ತುಂಬಾ ಹಳೇದು. ಹೇಳ್ದೆ ಸಾಯೋಕಾಗಲ್ಲ ನಂಗೆ."

"ಹೇಳು ಮತ್ತೆ."

"ಇಲ್ಲಲ್ಲ. ಗಾಡೀಲಿ."

ಆ ಭಾನುವಾರ ಹೊರಟರು. ಊರು ದಾಟಿದ್ದೇ ತಡ, ವಾಂಡಾ ಶುರು ಮಾಡಿದಳು. ಕಣ್ಣೀರು ಸುರಿಸುತ್ತಾ, ರಸ್ತೆ ನೋಡುತ್ತಾ, ಅರ್ಧ ದಾರಿಯ ತನಕ ಹೇಳಿದಳು. ಕ್ಯಾಸನಿಗೆ ಕೇಳಿಸಿದ್ದು ಚಕ್ರದ ಭೋರು, ಬಾಗಿಲ ತಗಡಿನ ಕಟಕಟ, ಗಾಳಿಯ ಸೀಟಿ. ಸ್ಟಿಯರಿಂಗ್ ಹಿಡಿದವನು ತುಟಿ ನೋಡುವುದೆಲ್ಲಿಂದ ಬಂತು? ಹೆದರಿ, ಸುಮ್ಮನೆ ತಲೆಯಾಡಿಸಿದ. ಕೊನೆಗೆ ಅವಳು ಅವನತ್ತ ತಿರುಗಿದ್ದು ಕಂಡು, "ಹೂಂ, ಆಯ್ತು ಬಿಡು, ಹೋಗ್ಲಿ" ಎಂದುಬಿಟ್ಟ. ಅಯ್ಯೋ ಪುಣ್ಯಾತ್ಮ! ವಾಂಡಾ ದಿಟ್ಟಿಸಿ ನೋಡಿದಳು.

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಕೇಳಿದಳು: "ಒಂದಕ್ಷರಾನೂ ಕೇಳಿಸ್ಲಿಲ್ಲ, ಅಲ್ವಾ?"

ಅವನು ತಲೆ ತಗ್ಗಿಸಿದ.

"ಇನ್ನೊಂದ್ಸಲ ಹೇಳ್ತೀನಿ. ಆದ್ರೆ ಈ ಡಬ್ಬದ ಗಲಾಟೆ ನಿಲ್ಲಿಸು ಮೊದ್ಲು."

ಮರುದಿನವೇ ಕ್ಯಾಸ್ ಗ್ಯಾರೇಜಿನಲ್ಲಿ ಕೆಲಸಕ್ಕೆ ಕೂತ. ಸೀಟು ಕಿತ್ತ, ಕಾರ್ಪೆಟ್ ಎಳೆದ, ಬಾಗಿಲ ಒಳಮೈ ಬಿಚ್ಚಿದ. ಸದ್ದು ಅಡಗಿಸುವ, ಬೆಳ್ಳಿ ಬೆನ್ನಿನ, ಕಪ್ಪು ಅಂಟಿನ ದಪ್ಪ ಹಾಳೆಗಳನ್ನು ತರಿಸಿದ. ಅವನ್ನು ಕತ್ತರಿಸಿ, ಬಿಸಿ ಮಾಡಿ, ಬರಿಯ ತಗಡಿಗೆ ಮೆತ್ತಿ, ಪುಟ್ಟ ರೋಲರಿನಿಂದ ಉಜ್ಜಿ ಉಜ್ಜಿ ಕೂರಿಸಬೇಕು. ಆಗ ಟಣ್ ಎನ್ನುವ ತಗಡು ದಪ್ ಎನ್ನುತ್ತದೆ. ಹಾಳೆಯ ಅಂಚಿಗೆ ಬೆರಳೆಲ್ಲ ಸೀಳಿತು. ಟಣ್ಣೋ ದಪ್ಪೋ ಇವನಿಗೆ ಕೇಳಿಸಬೇಕಲ್ಲ? ಅಂಗೈ ಇಟ್ಟು ಅದುರುತ್ತದೆಯೇ ಎಂದು ನೋಡುತ್ತಿದ್ದ. ನಂಬಿಕೆಯಾಗದಿದ್ದರೆ ಪಕ್ಕದ ಮನೆಯ ನಾರ್ಬರ್ಟನನ್ನು ಕರೆಯುತ್ತಿದ್ದ. ಅವನೂ ಅದೇ ಕಾರ್ಖಾನೆಯವನು, ಆದರೆ ಸ್ಟೋರಿನಲ್ಲಿದ್ದವನು, ಕಿವಿ ನೆಟ್ಟಗಿತ್ತು.

"ದೇವ್ರು ನಿನ್ನ ಕಿವಿಗೆ ಪುಕ್ಕಟೆ ಮಾಡ್ಕೊಟ್ಟಿರೋ ಕೆಲ್ಸಾನ ಗಾಡಿಗೆ ಮಾಡ್ತಿದ್ದೀಯಲ್ಲೋ!" ಎಂದು ನಾರ್ಬರ್ಟ್ ಛೇಡಿಸುತ್ತಿದ್ದ. ಆಮೇಲೆ ತಗಡು ತಟ್ಟಿ, "ಹೂಂ, ಇಲ್ಲಿ ಸತ್ತಿದೆ. ಇಲ್ಲಿನ್ನೂ ಬಡ್ಕೋತಿದೆ" ಎನ್ನುತ್ತಿದ್ದ. ಒಮ್ಮೆ ಹೇಳಿಯೂ ಹೇಳಿದ: "ಇಷ್ಟೆಲ್ಲಾ ಯಾಕೆ ಮಾರಾಯ? ನನ್ನ ಹೊಸ ಗಾಡಿ ತಗೊಂಡ್ಹೋಗು. ಒಳಗೆ ಕೂತ್ರೆ ಇರುವೆ ನಡೆಯೋದೂ ಕೇಳ್ಸುತ್ತೆ."

"ಬೇರೆಯೋರ ಗಾಡೀಲಿ ಅವ್ಳು ಬಾಯಿ ಬಿಡಲ್ಲ," ಎಂದ ಕ್ಯಾಸ್. ವಾಂಡಾಳನ್ನು ಕೇಳಿದ್ದನೇ? ಇಲ್ಲ. ಅವನ ಜಂಬಕ್ಕಿಷ್ಟು!

ಹಳೇ ಕಾರಿನ ಹುಚ್ಚಿದ್ದವರಿಗೆಲ್ಲ ಒಂದು ರೋಗವಿದೆ. ಕಾರ್ಪೆಟ್ ತೆಗೆದರೆ ನೆಲದ ತಗಡಿಗೆ ತುಕ್ಕು ಹಿಡಿದಿರುತ್ತದೆ. ಹೇಗೂ ಬಿಚ್ಚಿದ್ದೀನಲ್ಲ, ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದುಬಿಡೋಣ. ಹೇಗೂ ಬಿಚ್ಚಿದ್ದೀನಲ್ಲ, ಹಳೇ ವೈರು ಬದಲಾಯಿಸೋಣ. ಹೇಗೂ ಬಿಚ್ಚಿದ್ದೀನಲ್ಲ, ಹೀಟರನ್ನೂ ಇಳಿಸೋಣ. ಎರಡು ವಾರದ ಕೆಲಸ ಚಳಿಗಾಲವನ್ನೇ ನುಂಗಿತು. ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ಮೀನಿನೂಟಕ್ಕೂ ಅವನು ಹೋಗಲಿಲ್ಲ. ನಾರ್ಬರ್ಟ್ ಕಾಗದದಲ್ಲಿ ಸುತ್ತಿ ತಂದುಕೊಟ್ಟ ಮೀನು ಬೆಂಚಿನ ಮೇಲೆ ತಣ್ಣಗಾಗುತ್ತಿತ್ತು. ವಾಂಡಾ ಅಡುಗೆಮನೆಯ ಕಿಟಕಿಯಿಂದ ಗ್ಯಾರೇಜಿನ ದೀಪ ನೋಡುತ್ತಿದ್ದಳು.

ಈಸ್ಟರ್ ಕಳೆದ ಮೇಲೆ ಗಡ್ಡೆ ಮತ್ತೆ ಕಾಣಿಸಿತು. ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡುತ್ತಾರೆ. ಆಮೇಲೆ ಪಿಸುಮಾತೂ ಇಲ್ಲ.

ಆಪರೇಷನ್ನಿಗೆ ಮೊದಲಿನ ಮಧ್ಯಾಹ್ನ ವಾಂಡಾ ಕೋಟು ಹೊದ್ದು ಗ್ಯಾರೇಜಿಗೆ ಬಂದಳು. ಗಾಡಿಯಲ್ಲಿ ಸೀಟೇ ಇರಲಿಲ್ಲ. ಮೂಲೆಯಲ್ಲಿದ್ದ ಹಾಲಿನ ಕ್ರೇಟನ್ನು ಎತ್ತಿ ಕಾರಿನೊಳಗೆ ಬೋರಲು ಹಾಕಿ, ತನ್ನ ಜಾಗದಲ್ಲಿ ಕೂತಳು. ಎದುರಿನ ಗಾಜು ನೋಡುತ್ತಾ ಪಕ್ಕದ ನೆಲವನ್ನು ತಟ್ಟಿ ಕರೆದಳು. ಇಂಜಿನ್ ಇಲ್ಲ, ರಸ್ತೆ ಇಲ್ಲ, ಗಾಳಿ ಇಲ್ಲ. ಅದಕ್ಕಿಂತ ಮೌನದ ಜಾಗ ಆ ಊರಿನಲ್ಲೇ ಇರಲಿಲ್ಲ.

ಕ್ಯಾಸನಿಗೆ ಕಂಡದ್ದು ಕ್ರೇಟು ಮಾತ್ರ. "ಏಯ್ ಏಳು, ಏಳು! ಈಗ್ತಾನೆ ಅಂಟು ಹಚ್ಚಿದ್ದೀನಿ ಅಲ್ಲಿ, ಇನ್ನೂ ಆರಿಲ್ಲ!"

ಅವಳು ತಿರುಗಿ ನೋಡಿದಳು.

"ಸಂಜೆಯೊಳಗೆ ಸೀಟು ಕೂರಿಸ್ತೀನಿ ಕಣೇ. ಆಮೇಲೆ ಹೋಗೋಣ. ದೇವ್ರಾಣೆ."

ವಾಂಡಾ ಎದ್ದು, ಕೋಟಿಗೆ ಹತ್ತಿದ ಅಂಟನ್ನು ಉಗುರಿನಿಂದ ಕೆರೆಯುತ್ತಾ ಮನೆಯೊಳಗೆ ಹೋದಳು. ಸಂಜೆಗೆ ಸೀಟಿನ ಬೋಲ್ಟು ತೂತಿಗೆ ಕೂರಲಿಲ್ಲ. ಹಾಳೆ ಅಷ್ಟು ದಪ್ಪವಾಗಿತ್ತು. ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಾರ್ಬರ್ಟನ ಹೊಸ ಗಾಡಿಯಲ್ಲಿ. ಮುಂದೆ ನಾರ್ಬರ್ಟ್ ಇದ್ದ. ಹಿಂದೆ ಇಬ್ಬರೂ ಬಾಯಿ ಹೊಲಿದವರಂತೆ ಕೂತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಕುತ್ತಿಗೆಗೆ ಒತ್ತಿ ಮಾತಾಡುವ ಗುಂಯ್‌ಗುಡುವ ಯಂತ್ರ ಕೊಟ್ಟರು. ಆ ಗುಂಯ್ ಕ್ಯಾಸನ ಕಿವಿಗೆ ಮಾತಾಗಲಿಲ್ಲ. ಅವಳೂ ಅದನ್ನು ಎತ್ತಿಟ್ಟಳು. ಹಾಲು, ಬ್ರೆಡ್ಡು, ಮಾತ್ರೆ ಬೇಕಾದರೆ ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಒಂದು ದಿನ ಅವನು ಆ ಸ್ಲೇಟನ್ನೇ ಮುಂದೆ ಹಿಡಿದು, "ಅದನ್ನೂ ಬರಿಯೇ, ನಿನ್ನ ಕೈ ಮುಗೀತೀನಿ" ಎಂದ. ಅವಳು ಸ್ಲೇಟನ್ನು ಮಗುಚಿಟ್ಟಳು. ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಜುಲೈನ ಒಂದು ಭಾನುವಾರದ ಹೊತ್ತಿಗೆ ಗಾಡಿಯ ಕೆಲಸ ಮುಗಿದಿತ್ತು. ವಾಂಡಾ ಕುತ್ತಿಗೆಗೆ ತೆಳು ಸ್ಕಾರ್ಫ್ ಕಟ್ಟಿಕೊಂಡು, ಕರೆಯದೆಯೇ ಬಂದು ತನ್ನ ಜಾಗದಲ್ಲಿ ಕೂತಳು. ಹೆದ್ದಾರಿಗೆ ಬಂದರೆ ಸದ್ದೇ ಇಲ್ಲ! ತಗಡು ಕಮಕ್ ಕಿಮಕ್ ಎನ್ನಲಿಲ್ಲ. ಅಷ್ಟು ದುಃಖದಲ್ಲೂ ಕ್ಯಾಸನಿಗೆ ಹಿಗ್ಗಾಯಿತು. ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು.

ಆಗ ಎಲ್ಲಿಂದಲೋ ಸುಯ್ ಎಂದು ಗಾಳಿ ಕೇಳಿಸಿತು. ಥತ್, ಬಾಗಿಲ ರಬ್ಬರು ಎಲ್ಲೋ ಬಿಟ್ಟುಕೊಂಡಿದೆ ಎಂದುಕೊಂಡು ಅವನು ಎಡಗೈಯಿಂದ ಅಂಚು ತಡವತೊಡಗಿದ. ಗಾಳಿ ಒಮ್ಮೆ ಉದ್ದವಾಗಿ ಬರುತ್ತಿತ್ತು, ತುಂಡಾಗುತ್ತಿತ್ತು, ತಡೆದು ಮತ್ತೆ ಹೊರಡುತ್ತಿತ್ತು. ರಬ್ಬರಿನ ಗಾಳಿ ಹಾಗೆ ಬರುವುದಿಲ್ಲ. ಅವನು ಓರೆಗಣ್ಣಿನಲ್ಲಿ ನೋಡಿದ. ಸ್ಕಾರ್ಫಿನ ಅಂಚು ಅಲುಗುತ್ತಿತ್ತು. ವಾಂಡಾ ರಸ್ತೆ ನೋಡುತ್ತಾ ತುಟಿಯಾಡಿಸುತ್ತಿದ್ದಳು. ಹೇಳುತ್ತಿದ್ದಳು.

ಅವನು ಗಾಡಿಯನ್ನು ಪಕ್ಕಕ್ಕೆಳೆದು ನಿಲ್ಲಿಸಿದ. "ವಾಂಡಾ, ಇತ್ಲಾಗೆ ತಿರುಗೇ. ತುಟಿ ನೋಡ್ತೀನಿ. ತಿರುಗೇ ಮಾರಾಯ್ತಿ."

ತುಟಿ ನಿಂತಿತು. ಅವಳು ತಿರುಗಲಿಲ್ಲ. ಕೈ ಎತ್ತಿ ಮುಂದಿನ ರಸ್ತೆ ತೋರಿಸಿದಳು. ನಡಿ.

ಕ್ಯಾಸ್ ನಡೆಸಿದ. ಸುಯ್ ಮತ್ತೆ ಶುರುವಾಯಿತು. ಟಾವಾಸ್ ಬರುವ ತನಕ ಅವಳು ಎಲ್ಲವನ್ನೂ ಹೇಳಿದಳು, ನಡುವೆ ಬಿಕ್ಕಿದಳು, ಮತ್ತೆ ಹೇಳಿದಳು. ಅವನಿಗೆ ಒಂದೊಂದು ಉಸಿರೂ ಸ್ಪಷ್ಟವಾಗಿ ಕೇಳಿಸಿತು.